ನಾಯಿಯ ಕಾಲಿಗೆ ಬಳಿದ ಕೆಸರು

ನಾಯಿಯ ಕಾಲಿಗೆ ಕೆಸರು ಬಳಿಯುತ್ತಿದ್ದವಳು ನಾನೇ. ಹನ್ನೊಂದು ತಿಂಗಳು, ಹೆಚ್ಚುಕಡಿಮೆ ದಿನಾ ಬೆಳಿಗ್ಗೆ, ನಮ್ಮ ಬಿಲ್ಡಿಂಗಿನ ಹಿಂದೆ ಗಿಡಗಳಿಗೆ ನೀರು ಬಿಡುವ ನಲ್ಲಿಯ ಹತ್ತಿರ ಕೂತು, ಮಣ್ಣು ಕಲಸಿ, ನಮ್ಮ ಡಬ್ಬೂವಿನ ನಾಲ್ಕು ಕಾಲಿಗೂ ಬಳಿದು, ಆಮೇಲೆ ಲಿಫ್ಟ್ ಹತ್ತುತ್ತಿದ್ದೆ. ಮನೆಯಲ್ಲಿ ಹಾಸಿಗೆ ಹಿಡಿದಿದ್ದ ಗಂಡನನ್ನು ನಂಬಿಸುವುದಕ್ಕೆ. ಅವರು ತೀರಿಕೊಂಡು ಮೂರು ವರ್ಷವಾಯಿತು. ಇದನ್ನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ — ಹೋದ ತಿಂಗಳು ಒಬ್ಬಳಿಗೆ ಹೇಳಿದೆ. ಹೇಳಿದ ಮೇಲೆ ಹಗುರಾಗುತ್ತೆ ಅಂತಾರಲ್ಲ, ಅದೇನೂ ಆಗಲಿಲ್ಲ.

ನಗು ಬಂದರೆ ನಗಿ. ಅರವತ್ತೆಂಟು ವರ್ಷದ ಹೆಂಗಸು, ಸೀರೆ ಎತ್ತಿ ಕಟ್ಟಿಕೊಂಡು ನಾಯಿಗೆ ಮೇಕಪ್ ಮಾಡುತ್ತಾ ಕೂತಿದ್ದಾಳೆ. ವಾಚ್‌ಮನ್ ಒಂದು ಸಲ ಕೇಳಿಯೂ ಕೇಳಿದ, "ಮಾಂಜೀ, ಯೇ ಕ್ಯಾ?" ಅಂತ. ಕೀಟ ಹತ್ತದ ಹಾಗೆ ಮದ್ದು ಅಂದೆ. ಅಷ್ಟು ಹೊತ್ತಿಗೆ ಸುಳ್ಳು ನನ್ನ ಬಾಯಿಗೆ ಚೆನ್ನಾಗಿ ರೂಢಿಯಾಗಿತ್ತು.

ನಮ್ಮವರು ಮಂಡ್ಯದ ಕಡೆಯವರು. ಚೆಂಬೂರಿನ ಹತ್ತಿರದ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ. ಈ ಕಾಲೋನಿಗೆ ಬಂದು ನಾವು ಮೂವತ್ತೈದು ವರ್ಷ ಆಯಿತು. ಹಿಂದಿನ ರಸ್ತೆ ದಾಟಿ ಹದಿನೈದು ನಿಮಿಷ ನಡೆದರೆ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಪಕ್ಕ ಒಂದು ತಗ್ಗು. ಸಮುದ್ರದಲ್ಲಿ ಉಬ್ಬರ ಬಂದಾಗ ಒಂದು ಮೋರಿಯ ಮೂಲಕ ನೀರು ಒಳಗೆ ಬಂದು ನಿಲ್ಲುತ್ತಿತ್ತು. ಉಪ್ಪುನೀರು, ಕೆಸರು, ಸುತ್ತ ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡ. ನಮ್ಮವರು ಮಾತ್ರ ಅದನ್ನು ಕೆರೆ ಅನ್ನುತ್ತಿದ್ದರು. ಮಂಡ್ಯದವರಿಗೆ ನೀರು ನಿಂತರೆ ಸಾಕು, ಅದು ಕೆರೆ.

ದಿನಾ ಬೆಳಿಗ್ಗೆ ಆರು ಗಂಟೆಗೆ ನಾಯಿ, ಹೆಗಲಿಗೆ ಕ್ಯಾಮೆರಾ, ಹೊರಟುಬಿಡುವರು. ಎಂಟಕ್ಕೆ ವಾಪಸ್ಸು. ತಿಂಡಿಗೆ ಮುಂಚೆ ಬರೆಯಬೇಕು. ನೂರು ಹಾಳೆಯ ನೋಟ್‌ಬುಕ್ಕು, ವರ್ಷಕ್ಕೊಂದು. ತಾರೀಖು, ಉಬ್ಬರವೋ ಇಳಿತವೋ, ಯಾವ ಹಕ್ಕಿ, ಎಷ್ಟು. ಬೆಳ್ಳಕ್ಕಿ, ನೀರುಕಾಗೆ, ಮೆಟ್ಟುಗಾಲು ಹಕ್ಕಿ, ಚಳಿಗಾಲದಲ್ಲಿ ರಾಜಹಂಸ. ಒಂದು ಮುಂಗುಸಿ ರಸ್ತೆ ದಾಟಿದರೂ ಬರೆಯುವರು. ಮಹಾ ಹಟದ ಮನುಷ್ಯ. ಕಣ್ಣಿಂದ ಕಾಣದ್ದನ್ನು ಬರೆಯುತ್ತಿರಲಿಲ್ಲ. ಒಂದು ದಿನ ನಾನೂ ಜೊತೆಗೆ ಹೋಗಿದ್ದೆ, "ಅಲ್ಲಿ ನೋಡಿ, ಮಿಂಚುಳ್ಳಿ!" ಅಂದೆ. ಅವರು ತಿರುಗುವಷ್ಟರಲ್ಲಿ ಹಾರಿಹೋಯಿತು. ಬರೆಯಲಿಲ್ಲ. ನಾನು ಎರಡು ದಿನ ಮಾತು ಬಿಟ್ಟಿದ್ದೆ — ನನ್ನ ಕಣ್ಣು ಕಣ್ಣಲ್ಲವಾ ಅಂತ.

ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋದ ಮೇಲೆ ನಾಯಿ ನನ್ನ ಪಾಲಿಗೆ ಬಂತು. ಕ್ಯಾಮೆರಾನೂ ಬಂತು. ದೊಡ್ಡದನ್ನು ಹೊರುವ ಶಕ್ತಿ ನನಗೆಲ್ಲಿ, ಒಂದು ಚಿಕ್ಕದು ತರಿಸಿಕೊಟ್ಟರು. ಆಗ ಹೇಳಿದರು, "ಇನ್ನು ಮೇಲೆ ನಿನ್ನ ಕಣ್ಣೇ ನನ್ನ ಕಣ್ಣು ವನಜಾ. ಫೋಟೋ ತಂದರೆ ಬರೀತೀನಿ." ಎಡಗೈಯಲ್ಲಿ ಬರೆಯುವುದನ್ನು ಕಲಿತರು. ನಾಲ್ಕು ಸಾಲು ಬರೆಯುವುದಕ್ಕೆ ಅರ್ಧ ಗಂಟೆ. ಮಗ್ಗಿ ಬರೆಯುವ ಮಕ್ಕಳ ಹಾಗೆ ನಾಲಗೆ ಹೊರಗೆ ಚಾಚಿಕೊಂಡು, ಬೆವರಿಕೊಂಡು. ನನಗೆ ನೋಡುವುದಕ್ಕೆ ಆಗುತ್ತಿರಲಿಲ್ಲ, ಅಡುಗೆಮನೆಗೆ ಹೋಗಿಬಿಡುತ್ತಿದ್ದೆ.

ಇನ್ನೊಂದು ಕೆಲಸವನ್ನೂ ತಮ್ಮ ಪಾಲಿಗೆ ಉಳಿಸಿಕೊಂಡಿದ್ದರು. ಡಬ್ಬೂ ಮನೆಗೆ ಬಂದ ತಕ್ಷಣ ಮಂಚದ ಪಕ್ಕ ನಿಲ್ಲಬೇಕು, ಅವರು ಹಳೇ ಟವೆಲ್ಲಿನಿಂದ ಅವನ ಕಾಲು ಒರೆಸಬೇಕು. ಒಂದೊಂದೇ ಕಾಲು, ಎಡಗೈಯಲ್ಲಿ. ಮನೆಯಲ್ಲಿ ಅವರಿಂದ ಆಗುತ್ತಿದ್ದ ಕೆಲಸ ಅದೊಂದೇ.

ಮೊದಲ ವರ್ಷ ನಾನು ಸುಳ್ಳು ಹೇಳಲಿಲ್ಲ. ಇದನ್ನು ಹೇಳಿಕೊಳ್ಳಬೇಕು ಅನ್ನಿಸುತ್ತೆ, ಹೇಳಿಕೊಂಡು ಏನು ಬಂತು — ಇರಲಿ. ಮೊಣಕಾಲು ನೋವು ಕಟ್ಟಿಕೊಂಡೇ ಹೋದೆ, ತೆಗೆದೆ, ತಂದೆ. ಅರ್ಧ ಫೋಟೋ ಅಲುಗಾಡಿರುವವು. ಅವರು ಬೈಯುತ್ತಲೇ ಹೆಸರು ಕಂಡುಹಿಡಿಯುವರು.

ಆಮೇಲೆ ಒಂದು ಬೆಳಿಗ್ಗೆ ಮೋರಿಯ ಹತ್ತಿರ ಮೂರು ಗುಡ್ಡೆ ಕಂಡವು. ಒಡೆದ ಕಟ್ಟಡದ ಇಟ್ಟಿಗೆ, ಗಾರೆ, ಟೈಲ್ಸಿನ ಚೂರು. ಇಲ್ಲಿ ಅದಕ್ಕೆ ರಾಬಿಟ್ ಅಂತಾರೆ. ಯಾರೋ ಡಂಪರಿನಲ್ಲಿ ತಂದು ಸುರಿದಿದ್ದರು. ನೋಡಿದ ಕೂಡಲೇ ನನಗೆ ಅರ್ಥವಾಯಿತು, ತಗ್ಗನ್ನು ಮುಚ್ಚುವುದಕ್ಕೆ ಹೊರಟಿದ್ದಾರೆ ಅಂತ. ಯಾಕೆಂದರೆ ಹಿಂದೆಯೂ ಒಂದು ಸಲ ಹೀಗೇ ಆಗಿತ್ತು. ಆಗ ನಮ್ಮವರು ಕೈಕಾಲು ಗಟ್ಟಿಯಿದ್ದರು. ಅರ್ಜಿ ಬರೆದು, ತಮ್ಮ ನೋಟ್‌ಬುಕ್ಕುಗಳನ್ನೆಲ್ಲ ಹೊತ್ತುಕೊಂಡು, ಆಫೀಸಿನಿಂದ ಆಫೀಸಿಗೆ ನಾಲ್ಕು ತಿಂಗಳು ಅಲೆದು, ಕೊನೆಗೆ ಆ ಗುಡ್ಡೆಗಳನ್ನು ತೆಗೆಸಿದ್ದರು.

ಮನೆಗೆ ಬಂದೆ. ಅವರು ಕಾಲು ಒರೆಸುತ್ತಾ ಕೇಳಿದರು, "ಏನಾದರೂ ವಿಶೇಷ ಇತ್ತೇನೆ?"

"ಏನಿಲ್ಲ," ಅಂದೆ.

ಅವರ ಮನಸ್ಸಿಗೆ ನೋವಾಗಬಾರದು ಅಂತ ಹಾಗಂದೆ — ಹೀಗೆ ನನಗೆ ನಾನೇ ಬಹಳ ವರ್ಷ ಹೇಳಿಕೊಂಡೆ. ಬಿಪಿ ಏರುತ್ತೆ, ಡಾಕ್ಟರು ಟೆನ್ಷನ್ ಬೇಡ ಅಂದಿದ್ದಾರೆ, ಹೀಗೆಲ್ಲ. ಅದು ಸುಳ್ಳಿನ ಮೇಲಿನ ಸುಳ್ಳು. ನಿಜ ಏನೆಂದರೆ, ಹೇಳಿದ್ದರೆ ಅವರು ಅರ್ಜಿ ಬರೆಯುತ್ತಿದ್ದರು. ಎಡಗೈಯಲ್ಲಿಯಾದರೂ ಸರಿ, ಬರೆಯುತ್ತಿದ್ದರು. ಅದನ್ನು ಹೊತ್ತುಕೊಂಡು ಅಲೆಯಬೇಕಾದವಳು ನಾನು. ಬೆಳಿಗ್ಗೆ ಎದ್ದರೆ ಅವರನ್ನು ಎತ್ತಬೇಕು, ತೊಳೆಯಬೇಕು, ಮಗ್ಗುಲು ಬದಲಾಯಿಸಬೇಕು, ಉಣ್ಣಿಸಬೇಕು, ನಾಯಿಯನ್ನು ನೋಡಬೇಕು. ಇದರ ಮೇಲೆ ಕ್ಯೂನಲ್ಲಿ ನಿಂತು, ನನಗೆ ಬಾರದ ಶುದ್ಧ ಮರಾಠಿಯಲ್ಲಿ ಹಕ್ಕಿಗಳ ಪರವಾಗಿ ವಾದ ಮಾಡು ಅಂದರೆ... ಸಾಕಾಗಿತ್ತು ನನಗೆ. ಅಷ್ಟೇ. ಸಾಕಾಗಿತ್ತು.

ಬೇಲಿಯೇ ಎದ್ದು ಹೊಲ ಮೇಯ್ದಂತೆ ಅಂತಾರಲ್ಲ. ಅವರ ಕಣ್ಣು ಅಂತ ಕಳಿಸಿದ್ದು ನನ್ನನ್ನು.

ಎರಡು ತಿಂಗಳಲ್ಲಿ ಮೋರಿಯ ಬಾಯಿ ಮುಚ್ಚಿತು. ಉಬ್ಬರದ ನೀರು ಒಳಗೆ ಬರುವುದು ನಿಂತಿತು. ಕೆಸರು ಒಣಗಿ ಬಿರುಕು ಬಿಟ್ಟಿತು, ಹಕ್ಕಿಗಳು ಬೇರೆ ಕಡೆ ಹೋದವು. ಏಳೆಂಟು ಬೆಳ್ಳಕ್ಕಿ ಕೆಲವು ದಿನ ಸುಮ್ಮನೆ ನಿಂತಿದ್ದವು, ಆಮೇಲೆ ಅವೂ ಇಲ್ಲ. ನಾನು ಅಲ್ಲಿಗೆ ಹೋಗುವುದನ್ನು ಬಿಟ್ಟೆ. ಕಾಲೋನಿಯ ಒಳಗೇ ನಾಯಿಯನ್ನು ಎರಡು ಸುತ್ತು ಹಾಕಿಸಿ, ಬೆಂಚಿನ ಮೇಲೆ ಕೂತು ಕಾಲು ನೀವಿಕೊಂಡು ಬರುತ್ತಿದ್ದೆ. ಡಬ್ಬೂ ಗೇಟಿನ ಹತ್ತಿರ ನಿಂತು ಆ ಕಡೆಗೇ ಜಗ್ಗುತ್ತಿದ್ದ. ಸ್ವಲ್ಪ ದಿನಕ್ಕೆ ಅವನೂ ಬಿಟ್ಟುಬಿಟ್ಟ.

ಫೋಟೋಗೇನು ಕೊರತೆ? ನಮ್ಮವರೇ ತೆಗೆದ ಸಾವಿರಾರು ಫೋಟೋ ಕಂಪ್ಯೂಟರಿನಲ್ಲಿದ್ದವು. ಅದೇ ತಿಂಗಳಿನ ಹಳೆಯದನ್ನು ನೋಡಿ ಹೆಕ್ಕುತ್ತಿದ್ದೆ. ತೀರಾ ಚೆನ್ನಾಗಿರುವುದನ್ನು ಬಿಟ್ಟು, ಸ್ವಲ್ಪ ಮಸುಕಾದದ್ದು, ಅವರು ಆಗ ಬೇಡ ಅಂತ ಪಕ್ಕಕ್ಕೆ ಸರಿಸಿದ್ದು — ನನ್ನ ಕೈಯದು ಅನ್ನಿಸಬೇಕಲ್ಲ. ಅವರದೇ ಫೋಟೋವನ್ನು ಅವರಿಗೇ ತೋರಿಸುತ್ತಿದ್ದೆ. "ಪರವಾಗಿಲ್ಲ ಕಣೇ, ಕೈ ಕುದುರ್ತಾ ಇದೆ ನಿನಗೆ," ಅನ್ನುತ್ತಿದ್ದರು. ಮೆಟ್ಟುಗಾಲು ಹಕ್ಕಿ ನಾಲ್ಕು ಅಂತ ಎಡಗೈಯಲ್ಲಿ ಬರೆಯುತ್ತಿದ್ದರು.

ಒಂದು ದಿನ ಟವೆಲ್ ಹಿಡಿದುಕೊಂಡೇ ಕೇಳಿದರು, "ಇವನ ಕಾಲು ಒಣಗಿದೆಯಲ್ಲೇ?"

"ನಲ್ಲೀಲಿ ತೊಳೆದುಕೊಂಡು ಬಂದೆ," ಅಂದೆ.

"ತೊಳೀಬೇಡ. ನಾನು ಒರೆಸ್ತೀನಲ್ಲ."

ಮಾರನೆಯ ದಿನದಿಂದ ಕೆಸರು ಬಳಿಯುವುದು ಶುರುವಾಯಿತು. ಪಾಪದ ನಾಯಿ, ಕಾಲು ಕೊಟ್ಟು ನಿಲ್ಲುತ್ತಿತ್ತು.

ನೋಡಲು ಬಂದವರನ್ನು ಬಾಗಿಲಲ್ಲೇ ತಡೆದು, ಕೆರೆ ಸುದ್ದಿ ಮಾತ್ರ ಎತ್ತಬೇಡಿ, ಅವರಿಗೆ ತಡೆಯುವ ಶಕ್ತಿಯಿಲ್ಲ ಅನ್ನುತ್ತಿದ್ದೆ. ಎಷ್ಟು ಚೆನ್ನಾಗಿ ನೋಡಿಕೊಳ್ತೀರಿ, ಪುಣ್ಯವಂತರು ಅವರು ಅಂತ ಹೊಗಳಿ ಹೋಗುತ್ತಿದ್ದರು. ಹೊಗಳಿಕೆಯನ್ನೂ ಇಟ್ಟುಕೊಂಡೆ.

ಈಗ ಹೇಳುವುದು ಎಲ್ಲಕ್ಕಿಂತ ಕಷ್ಟದ್ದು. ಮಳೆ ಕಳೆದು ಸ್ವಲ್ಪ ದಿನ ಆಗಿತ್ತು. ಅವರು ಡಬ್ಬೂವಿನ ಮುಂಗಾಲು ಒರೆಸುತ್ತಿದ್ದವರು ನಿಲ್ಲಿಸಿ, ಟವೆಲ್ಲನ್ನು ಮೂಗಿನ ಹತ್ತಿರ ತಂದರು. ಆ ಕೆಸರಿಗೆ ಒಂದು ವಾಸನೆಯಿತ್ತು — ಉಪ್ಪು, ಕೊಳೆತ ಎಲೆ, ಮೀನು ಎಲ್ಲ ಸೇರಿದ್ದು. ಒಂದು ಸಲ ಮೂಗಿಗೆ ಬಡಿದರೆ ದಿನವಿಡೀ ಬಿಡುತ್ತಿರಲಿಲ್ಲ. ನಾನು ಬಳಿದದ್ದು ಕ್ರೋಟನ್ ಗಿಡದ ಬುಡದ ಮಣ್ಣು.

"ಕೆಸರಿಗೆ ಖಾಡಿ ವಾಸನೆಯೇ ಇಲ್ಲವಲ್ಲೇ ವನಜಾ."

ಆ ಕ್ಷಣದಲ್ಲಿ ಹೇಳಿಬಿಡಬಹುದಿತ್ತು. ಬಾಗಿಲು ತೆರೆದೇ ಇತ್ತು. ನಾನು ನಕ್ಕೆ. ತಮಾಷೆ ಮಾಡಿದ ಹಾಗೆ, "ಕೈ ಆಯ್ತು, ಕಾಲು ಆಯ್ತು, ಈಗ ನಿಮ್ಮ ಮೂಗೂ ಕೈಕೊಡ್ತಾ?" ಅಂದೆ.

ಅವರು ಟವೆಲ್ಲನ್ನು ಇನ್ನೊಂದು ಸಲ ಮೂಸಿದರು. ಮಧ್ಯಾಹ್ನ ಊಟಕ್ಕೆ ಕೂತಾಗ ಸಾರಿನ ಬಟ್ಟಲನ್ನು ಮುಖದ ಹತ್ತಿರ ಹಿಡಿದುಕೊಂಡು ಬಹಳ ಹೊತ್ತು ಇದ್ದರು. ಮುಂದಿನ ವಾರ ಡಾಕ್ಟರ್ ಬಂದಾಗ ತಾವಾಗಿಯೇ ಹೇಳಿದರು, "ನನಗೆ ಈಚೆಗೆ ವಾಸನೆ ಸರಿಯಾಗಿ ಗೊತ್ತಾಗ್ತಿಲ್ಲ." ಡಾಕ್ಟರು ಇಂಥ ಕಾಯಿಲೆಯಲ್ಲಿ ಒಮ್ಮೊಮ್ಮೆ ಹಾಗಾಗುತ್ತೆ ಅಂದರು. ನಾನು ಪಕ್ಕದಲ್ಲೇ, ಔಷಧಿ ಚೀಟಿ ಹಿಡಿದುಕೊಂಡು ನಿಂತಿದ್ದೆ. ಅವರ ಮೂಗು ಸರಿಯಾಗಿಯೇ ಇತ್ತು. ಸಾಯುವವರೆಗೂ ಅದು ಕೆಟ್ಟಿದೆ ಅಂತಲೇ ತಿಳಿದುಕೊಂಡಿದ್ದರು, ನಾನು ತಿಳಿದುಕೊಳ್ಳಲು ಬಿಟ್ಟೆ.

ಅವರು ಹೋದರು. ಎರಡನೆಯ ವರ್ಷ ಡಬ್ಬೂನೂ ಹೋದ. ನೋಟ್‌ಬುಕ್ಕುಗಳು ಕಪಾಟಿನಲ್ಲಿದ್ದವು, ಒಟ್ಟು ಹತ್ತೊಂಬತ್ತು. ಇದು ನನ್ನ ಜೊತೆಗೇ ಮುಗಿಯುತ್ತೆ ಅಂದುಕೊಂಡಿದ್ದೆ.

ಹೋದ ತಿಂಗಳು ನಾಲ್ಕನೇ ಮಾಳಿಗೆಯ ಮೈಥಿಲಿ ಬಂದಳು. ಇಲ್ಲೇ ಹುಟ್ಟಿದ ಹುಡುಗಿ, ಕನ್ನಡ ಅರ್ಧ, ಹಿಂದಿ ಅರ್ಧ. ಆ ತಗ್ಗಿನ ಆಚೆ ಬದಿಯಲ್ಲಿ ಇನ್ನೂ ಸ್ವಲ್ಪ ನೀರು ಉಳಿದಿದೆಯಂತೆ, ಅದನ್ನೂ ಮುಚ್ಚುವುದಕ್ಕೆ ಹೊರಟಿದ್ದಾರಂತೆ. ಅವಳೂ ಅವಳ ಕಡೆಯ ಕೆಲವರೂ ಸೇರಿ ಅದನ್ನು ಉಳಿಸುವುದಕ್ಕೆ ಅರ್ಜಿ ಹಾಕುತ್ತಿದ್ದಾರೆ. ಅಂಕಲ್ ಬರೆದದ್ದು ಕೊಡಿ ಅಂದಳು. ಕೊಟ್ಟೆ. ಒಂದು ವಾರಕ್ಕೆ ಕಣ್ಣರಳಿಸಿಕೊಂಡು ಬಂದಳು.

"ಆಂಟಿ, ಈ ಲಾಸ್ಟ್ ಬುಕ್ ಇದೆಯಲ್ಲ, ಇದೇ ಮೇನ್. ಮುಚ್ಚೋರು ಏನ್ ಬೋಲ್ತಾರೆ ಗೊತ್ತಾ, ಆ ಇಯರ್ ಅಲ್ಲಿ ಪಾನಿನೇ ಇರ್ಲಿಲ್ಲ, ಸೂಖಾ ಜಮೀನ್ ಅಂತ. ಅಂಕಲ್ ರೋಜ್ ಬರ್ದಿದಾರೆ, ಹಕ್ಕಿ ಇತ್ತು ಅಂತ. ಅಷ್ಟು ಬಿಮಾರ್ ಇದ್ದಾಗ್ಲೂ."

ಎಂಟು ದಿನ ಸುಮ್ಮನಿದ್ದೆ. ಅಷ್ಟಾದ ಮೇಲೂ ಧರ್ಮಬುದ್ಧಿ ಬಂದು ಹೇಳಿದ್ದಲ್ಲ. ಒಣಗಿದ ನೆಲದ ಫೋಟೋ ತಾರೀಖಿನ ಸಮೇತ ಎದುರಿನವರ ಹತ್ತಿರ ಇದೆಯಂತೆ. ಈ ಪುಸ್ತಕ ಅವರ ಮುಂದೆ ಹೋದರೆ, ರಂಗನಾಥ ಅನ್ನುವ ಮನುಷ್ಯ ಹಾಸಿಗೆಯಲ್ಲಿ ಮಲಗಿಕೊಂಡು ಇಲ್ಲದ ಹಕ್ಕಿ ಬರೆದ ಅಂತ ಹತ್ತು ಜನರ ಎದುರಿಗೆ ಹೇಳುತ್ತಾರೆ. ಅದಕ್ಕೆ ಹೆದರಿ ಹೇಳಿದೆ. ಸೋಫಾದ ಮೇಲೆ ಕೂರಿಸಿ, ಮೊದಲಿಂದ ಕೊನೆಯವರೆಗೆ, ಕ್ರೋಟನ್ ಗಿಡದ ಮಣ್ಣಿನ ಸಮೇತ ಹೇಳಿದೆ.

ಹುಡುಗಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು, "ಆಂಟಿ, ಫಿರ್ ಬಾಕಿ ಬುಕ್ಸ್? ಅದು ಸಚ್ ಅಂತ ಹೇಗೆ ಹೇಳೋದು?"

"ಅದರಲ್ಲಿ ಒಂದಕ್ಷರ ಸುಳ್ಳಿಲ್ಲಮ್ಮ. ಕಾಣದ್ದನ್ನು ಬರೆದ ಮನುಷ್ಯನಲ್ಲ ಅವರು."

"ನಂಗೆ ಗೊತ್ತು ಆಂಟಿ. ಎದುರಿನವರಿಗೆ?"

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ನಾಲ್ಕು ದಿನ ಬಿಟ್ಟು ಹತ್ತೊಂಬತ್ತು ಪುಸ್ತಕವನ್ನೂ ಚೀಲದಲ್ಲಿ ಹಾಕಿಕೊಂಡು ವಾಪಸ್ಸು ತಂದಳು. ಒಂದು ವರ್ಷದ್ದು ತಪ್ಪು ಅಂತ ಗೊತ್ತಾದರೆ ಉಳಿದದ್ದನ್ನೂ ತಳ್ಳಿಹಾಕುತ್ತಾರೆ, ಅದಕ್ಕೇ ಯಾವುದನ್ನೂ ಕೊಡುವುದು ಬೇಡ ಅಂತ ಅವಳ ಕಡೆಯವರು ತೀರ್ಮಾನ ಮಾಡಿದರಂತೆ. "ಸಾರಿ ಆಂಟಿ," ಅಂದಳು. ಅವಳು ನನಗೆ ಸಾರಿ ಹೇಳಿದಳು.

ಕೊನೆಯ ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡಿದೆ. ಸೊಟ್ಟ ಸೊಟ್ಟ ಅಕ್ಷರ. ಹಾಳೆ ಹಾಳೆಗೂ ಅವರ ಕೈಬರಹ, ಅಟ್ಟೆಯ ಮೇಲೆ ಅವರ ಹೆಸರು. ಹುಡುಕಿದರೂ ನಾನು ಅದರಲ್ಲಿ ಎಲ್ಲಿಯೂ ಇಲ್ಲ. ಯಾರೇ ತೆರೆದರೂ ಸುಳ್ಳು ಬರೆದವರು ಅವರೇ ಅನ್ನಿಸುತ್ತೆ. ಅವರು ಮಾಡಿದ್ದು ಒಂದೇ, ಹೆಂಡತಿಯ ಮಾತು ನಂಬಿದ್ದು.

ಬರುವ ಭಾನುವಾರ ಅರ್ಜಿ ಹಾಕುವವರೆಲ್ಲ ಕಾಲೋನಿಯ ಹಾಲ್‌ನಲ್ಲಿ ಸೇರುತ್ತಾರಂತೆ, ಕೇಳುವವರು ಯಾರು ಬೇಕಾದರೂ ಬರಬಹುದಂತೆ. ಹೋಗುತ್ತೇನೆ. ಮೈಥಿಲಿಗೆ ತಿಳಿಸಿದ್ದೇನೆ. ಪುಸ್ತಕಗಳನ್ನು ತೆಗೆದುಕೊಳ್ಳಿ ಅಂತ ಕೇಳುವುದಕ್ಕಲ್ಲ, ಆ ಕೆರೆಯೂ ಅದರಿಂದ ವಾಪಸ್ಸು ಬರುವುದಿಲ್ಲ. ಎದ್ದು ನಿಂತು, ಹದಿನೆಂಟು ವರ್ಷ ಅವರು ನಿಜ ಬರೆದರು, ಹತ್ತೊಂಬತ್ತನೆಯ ವರ್ಷ ಸುಳ್ಳು ಹೇಳಿ ಬರೆಸಿದವಳು ನಾನು ಅಂತ ಹೇಳಬೇಕು. ನಂಬುತ್ತಾರೋ ಇಲ್ಲವೋ. ಸುಳ್ಳು ಹೇಳಿದವಳ ಸಾಕ್ಷಿಗೆ ಏನು ಬೆಲೆ ಅಂತ ಯಾರಾದರೂ ಕೇಳಿದರೆ ಅದೂ ಸರಿಯಾದ ಮಾತೇ. ಆದರೆ ಅವರ ಜೊತೆ ಇಷ್ಟು ವರ್ಷ ಇದ್ದು, ಅವರ ಪರವಾಗಿ ಹೇಳಲು ಉಳಿದಿರುವವಳು ನಾನೊಬ್ಬಳೇ.