ಅಮಲ್ದಾರ್ ಮನೆಗೆ ಆಧಾರ

ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ನಾನು ಸಾರಿ ಸಾರಿ ಹೇಳಿದ್ದು ಒಂದೇ ಮಾತು: ಊರಿನ ಇತಿಹಾಸದ ಬಗ್ಗೆ ಏನು ಬೇಕಾದರೂ ಬರೆಯಿರಿ, ಕೊನೆಯಲ್ಲಿ ಆಧಾರ ಹಾಕಿ. ಕೆರೆಯ ಬಗ್ಗೆ ವೆಬ್‌ಸೈಟು ಮಾಡಿದ ಗುಂಪು ಚಾಚೂ ತಪ್ಪದೆ ಹಾಕಿತ್ತು. ಕೊನೆಯ ಪುಟದಲ್ಲಿ ‘ಆಧಾರ’ ಎಂಬ ದಪ್ಪಕ್ಷರದ ತಲೆಬರಹ, ಅದರ ಕೆಳಗೆ ಗುಂಪಿನವರೆಲ್ಲರ ಆಧಾರ್ ಕಾರ್ಡಿನ ಫೋಟೊ. ಹಿಂದೆ ಮುಂದೆ ಎರಡೂ ಕಡೆಯದು. ನಾನು ತಲೆ ಚಚ್ಚಿಕೊಂಡು, ಬೇರೆ ಕೆಲಸವೆಲ್ಲ ಬಿಟ್ಟು ಮೊದಲು ಅದನ್ನು ತೆಗೆಸಿದೆ.

ಶಿವನಿ ಕಡೆಯ ಆ ಹೈಸ್ಕೂಲಿಗೆ ನಾನು ಕಡೂರಿನಿಂದ ದಿನಾ ರೈಲಿನಲ್ಲಿ ಹೋಗಿ ಬರುತ್ತಿದ್ದೆ. ಸಮಾಜ ವಿಜ್ಞಾನದ ಮೇಡಂ, ಬಾಯಿ ಸ್ವಲ್ಪ ಜೋರು ಎಂದು ಊರಲ್ಲಿ ನನಗೆ ಹೆಸರಿತ್ತು. ಅದೇನೂ ಸುಳ್ಳಲ್ಲ. ಆ ವರ್ಷ ಮಕ್ಕಳು ಮಾಡಿದ ಇತಿಹಾಸದ ವೆಬ್‌ಸೈಟುಗಳಲ್ಲಿ ಒಂದನ್ನು ಆರಿಸಿ ತರೀಕೆರೆಯ ಪ್ರದರ್ಶನಕ್ಕೆ ಕಳಿಸಬೇಕಿತ್ತು. ಮನೆಗಳಲ್ಲಿ ಅದೂ ಒಂದು ತಮಾಷೆಯಾಯಿತು. ‘ನನ್ ಮಗ್ಳು ಸೈಟ್ ಮಾಡವ್ಳೆ’ ಎಂದು ತಾಯಿಯೊಬ್ಬಳು ಹೆಮ್ಮೆಯಿಂದ ಹೇಳಿದರೆ, ಪಕ್ಕದ ಮನೆಯಾಕೆ ‘ಎಲ್ಲಿ, ಬೀರೂರಲ್ಲಾ? ಎಷ್ಟ್ ಅಡಿದು?’ ಎಂದಳಂತೆ.

ಹೀಗೆ ಸೈಟು ಮಾಡಿದ್ದ ಮಗಳೇ ಈ ಕತೆಯ ಹುಡುಗಿ. ಅವಳದು ಒಬ್ಬಳದೇ ಗುಂಪು. ಜೊತೆಗಿದ್ದವರು ಬೇಸರವಾಗಿ ಕೈಬಿಟ್ಟಿದ್ದರು, ಇವಳು ಬಿಟ್ಟಿರಲಿಲ್ಲ. ಊರಿನ ಮನೆಗಳಿಗೆ ಆ ಹೆಸರುಗಳು ಏಕೆ ಬಂದವು ಎಂಬುದು ಅವಳ ವಿಷಯ. ಗಡಿಯಾರದ ಮನೆ, ಬೇವಿನಮರದ ಮನೆ, ಮೂರು ಬಾಗಿಲ ಮನೆ ಎಂದು ಒಂದೊಂದರ ಮುಂದೂ ನಿಂತು ಫೋಟೊ ತೆಗೆದು, ಒಳಗೆ ಹೋಗಿ ವಿಚಾರಿಸಿ, ಬರೆದಿದ್ದಳು. ಓದುತ್ತಾ ನನಗೆ ಖುಷಿಯಾಗಿತ್ತು. ತರೀಕೆರೆಗೆ ಇದೇ ಹೋಗಬೇಕು ಎಂದು ಮನಸ್ಸಿನಲ್ಲಿ ಅಂದುಕೊಂಡಿದ್ದೆ. ಅವಳೂ ಅದನ್ನೇ ಕಾಯುತ್ತಿದ್ದಳು, ಪಾಪ. ತರೀಕೆರೆಗೆ ಹಾಕಿಕೊಂಡು ಹೋಗುವ ಯೂನಿಫಾರಮ್ಮನ್ನು ಆಗಲೇ ಇಸ್ತ್ರಿ ಮಾಡಿಸಿ ಇಟ್ಟಿದ್ದಳಂತೆ.

ಆದರೆ ಒಂದು ಮನೆ ಬಾಗಿಲು ಹಾಕಿತ್ತು. ಮನೆಯವರೆಲ್ಲ ಮದುವೆಗೆ ಹೋಗಿದ್ದರು. ಅದು ಅಮಲ್ದಾರ್ ಮನೆ. ಈಗಿನ ತಹಸೀಲ್ದಾರರನ್ನು ಹಿಂದೆ ಅಮಲ್ದಾರ್ ಎನ್ನುತ್ತಿದ್ದರು ಎಂಬುದು ಈ ಕಾಲದ ಮಕ್ಕಳಿಗೆ ಹೇಗೆ ಗೊತ್ತಿರಬೇಕು? ಹುಡುಗಿ ಫೋನಿನಲ್ಲಿ ನಿಘಂಟು ತೆಗೆದಳು. ಅಮಲು ಎಂದರೆ ನಶೆ ಎಂದಿತ್ತು. ಜಮೀನು ಇದ್ದವನು ಜಮೀನ್ದಾರ, ಹಾಗಾದರೆ ಅಮಲು ಇದ್ದವನು ಅಮಲ್ದಾರ. ಲೆಕ್ಕ ಸರಿಯಾಗೇ ಇದೆ. ‘ಈ ಮನೆಯ ಹಿರಿಯರು ಸದಾ ಕುಡಿದು ಅಮಲಿನಲ್ಲಿ ಇರುತ್ತಿದ್ದುದರಿಂದ ಈ ಹೆಸರು ಬಂದಿದೆ. ಆಧಾರ: ನಿಘಂಟು’ ಎಂದು ಬರೆದು, ನಾನು ಆ ಪುಟ ನೋಡುವ ಮೊದಲೇ, ಸಂಭ್ರಮಕ್ಕೆ ಊರಿನ ವಾಟ್ಸಾಪ್ ಗುಂಪಿಗೆ ಲಿಂಕ್ ಕಳಿಸಿಬಿಟ್ಟಿದ್ದಳು.

ಮಾರನೆಯ ದಿನ ಬೆಳಿಗ್ಗೆ ಆ ಮನೆಯ ಯಜಮಾನರು ಶಾಲೆಗೆ ಬಂದರು. ಹಣೆ ತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಪಂಚೆ. ನಮ್ಮ ಶಾಲಾ ಸಮಿತಿಗೆ ಅವರೇ ಅಧ್ಯಕ್ಷರು. ಕೂಗಾಡಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ಹೆಡ್‌ಮಾಸ್ಟರ ಕಡೆ ಫೋನು ಚಾಚಿದರು.

“ನಮ್ಮನೆತನದಲ್ಲಿ ಹೆಂಡದ ವಾಸ್ನೆ ಕಂಡೋರಿಲ್ಲ ಕಣ್ರೀ. ಊರ್ನೋರೆಲ್ಲ ‘ಏನ್ ಅಧ್ಯಕ್ಷ್ರೆ, ಇಳೀತಾ?’ ಅಂತ ಕೇಳ್ತಾವ್ರೆ.”

ನನಗೆ ನಗು ಬಂತು, ತುಟಿ ಕಚ್ಚಿ ತಡೆದೆ. ಹುಡುಗಿಯನ್ನು ಕರೆಸಿದೆವು. ‘ಕಾನೂನು ಅಮಲಿಗೆ ಬಂತು ಅಂತೀವಲ್ಲ, ಆ ಅಮಲು ಕಣೇ ಇದು, ಅಧಿಕಾರ’ ಎಂದು ನಾನು ಬಿಡಿಸಿ ಹೇಳಿದಾಗ ಅವಳ ಮುಖ ಸಪ್ಪಗಾಯಿತು. ತಪ್ಪಾಯ್ತಜ್ಜ ಎಂದಳು. ಕಣ್ಣಲ್ಲಿ ನೀರು ತುಂಬಿತ್ತು.

ಅಳು ಕಂಡು ಯಜಮಾನರು ಮೆತ್ತಗಾದರು. “ಹೋಗ್ಲಿ ಬಿಡು, ಅಳ್ಬ್ಯಾಡ. ಅದ್ನ ಅಳಿಸಿ, ನಮ್ಮ ಮುತ್ತಜ್ಜ ಅಮಲ್ದಾರ್ ಆಗಿದ್ರು ಅಂತ ಬರಿ. ಕುದ್ರೆ ಮ್ಯಾಲೆ ಓಡಾಡೋರಂತೆ. ಹಂಗ್ ಬರುದ್ರೆ ತರೀಕೆರೆಗೆ ಹೋಗ್ಲಿ, ನಂದೇನೂ ಅಡ್ಡಿಲ್ಲ.”

ಹೆಡ್‌ಮಾಸ್ಟರ ಮುಖಕ್ಕೆ ಕಳೆ ಬಂತು. “ಈಗ್ಲೇ ಬರೀಮ್ಮ” ಎಂದರು. ನನಗೂ ಬೀಸೋ ದೊಣ್ಣೆ ತಪ್ಪಿತು ಎನಿಸಿತ್ತು. ಆ ಕುಟುಂಬದ ಮದುವೆ ಕಾರ್ಡುಗಳಲ್ಲೆಲ್ಲ ‘ಅಮಲ್ದಾರ್ ವಂಶಸ್ಥರು’ ಎಂದು ಅಚ್ಚಾಗಿರುವುದನ್ನು ನಾನೇ ನೋಡಿದ್ದೆ. ಆದರೆ ಹುಡುಗಿ ಕಣ್ಣೊರೆಸಿಕೊಂಡು, ಒಮ್ಮೆ ನನ್ನ ಮುಖ ನೋಡಿ, ಸಣ್ಣ ದನಿಯಲ್ಲಿ ಕೇಳಿದಳು.

“ಅದಕ್ಕೆ ಆಧಾರ ಏನಜ್ಜ?”

ನನ್ನ ಪಾಠ ನನಗೇ ತಿರುಗಿ ಬಂದಿತ್ತು. ಹೆಡ್‌ಮಾಸ್ಟರು ನನ್ನನ್ನು ನುಂಗುವ ಹಾಗೆ ನೋಡಿದರು. ಯಜಮಾನರು ಮಾತ್ರ ಜೇಬು ಮುಟ್ಟಿ ನೋಡಿಕೊಂಡು, “ಆಧಾರ್ ಮನೇಲೈತಲ್ಲವ್ವ, ಅದ್ಯಾಕೆ ಬೇಕು?” ಎಂದರು.

ಬಿಡಿಸಿ ಹೇಳಿದೆ. ಅವರಿಗೆ ಸಿಟ್ಟು ಬರಲಿಲ್ಲ, ಹುರುಪು ಬಂತು. “ಅಷ್ಟೇನಾ? ನಮ್ಮ ಚಿಕ್ಕಮ್ಮ ಅವ್ರೆ ಮನೇಲಿ. ಅಮಲ್ದಾರ್ರ ಕಾಲ ಕಂಡೋರು. ಸಂಜೆ ಬನ್ರಿ, ನನ್ನೆದುರ್ಗೇ ಕೇಳ್ರಿ.”

ಶಾಲೆ ಬಿಟ್ಟ ಮೇಲೆ ನಾನೂ ಹುಡುಗಿಯೂ ಹೋದೆವು. ಚಿಕ್ಕಮ್ಮ ಎಂದರೆ ಯಜಮಾನರ ಚಿಕ್ಕಪ್ಪನ ಹೆಂಡತಿ. ಮದುವೆಯಾಗಿ ಕೆಲವೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡವರು, ಮಕ್ಕಳಿಲ್ಲ, ಇದೇ ಮನೆಯಲ್ಲಿ ತೊಂಬತ್ತರ ಹತ್ತಿರ ಬಂದಿದ್ದರು. ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಯಜಮಾನರು ಎದುರಿಗೆ ಚಕ್ಕಂಬಕ್ಕಳ ಹಾಕಿ ಕೂತು, “ಹೇಳು ಚಿಕ್ಕಮ್ಮ, ಮುತ್ತಜ್ಜ ಅಮಲ್ದಾರ್ ಆಗಿದ್ದುದ್ದು” ಎಂದರು.

“ಯಾರು? ನಿಮ್ ಮುತ್ತಜ್ಜನಾ?” ಮುದುಕಿಯ ಕೈ ನಿಲ್ಲಲಿಲ್ಲ. “ಅವ್ರ್ಯಾಕಪ್ಪ ಅಮಲ್ದಾರ್ರು ಆಗ್ತಾರೆ? ಅಮಲ್ದಾರ್ರು ತರೀಕೆರೆಯಿಂದ ಬರೋರು, ಜಮಾಬಂದಿಗೆ. ಕಂದಾಯದ ಲೆಕ್ಕ ನೋಡಾಕೆ. ಬಂದ್ರೆ ಇಳ್ಕಳ್ತಿದ್ದುದ್ದು ನಮ್ಮನೇಲಿ. ಅದ್ಕೇ ಅಮಲ್ದಾರ್ ಮನೆ.”

“ಕುದ್ರೆ?”

“ಅವ್ರುದ್ದೇ. ಹುಲ್ಲು ಹಾಕ್ತಿದ್ದುದ್ದು ನಿಮ್ ಮುತ್ತಜ್ಜ.”

ಹುಡುಗಿ ಬರೆದುಕೊಳ್ಳುವುದನ್ನು ನಿಲ್ಲಿಸಿದಳು. ನಾನು ನೆಲ ನೋಡಿದೆ. ಮುದುಕಿ ಮಾತ್ರ ಯಾರ ಮುಖವನ್ನೂ ನೋಡದೆ ಹೇಳುತ್ತ ಹೋದರು. “ನಾನಾಗ ಹೊಸ ಸೊಸೆ. ಅಮಲ್ದಾರ್ರು ಬತ್ತಾರೆ ಅಂದ್ರೆ ಕೋಳಿ ಕೂಗೋ ಹೊತ್ಗೇ ಒಲೆ ಹಚ್ಬೇಕು. ಹೋಳಿಗೆ ಆಗ್ಬೇಕು. ಅವ್ರುಂಡು, ಅವ್ರ ಜವಾನ್ರುಂಡು, ನಮ್ ಗಂಡುಸ್ರುಂಡು, ಆಮ್ಯಾಲೆ ನಮಗೆ ಪಾತ್ರೆ ತಳ. ಅದ್ಯಾರೋ ಕುಡೀತಿದ್ರು ಅಂತ ಬರ್ದವ್ಳಂತಲ್ಲ, ನೀನೇನವ್ವ? ಈ ಮನೇಲಿ ಕುಡ್ದಿದ್ರೆ ನಾನೇ ಕುಡ್ದಿರಾದು. ಹೊಗೆ.”

“ಇಷ್ಟ್ ವರ್ಷ ಹೇಳ್ಳೇ ಇಲ್ವಲ್ಲ ಚಿಕ್ಕಮ್ಮ ನೀನು” ಎಂದರು ಯಜಮಾನರು.

“ನೀನ್ ಯಾವತ್ತಪ್ಪ ಕೇಳ್ದೆ?”

ಯಜಮಾನರು ಎದ್ದು ಹಿತ್ತಿಲ ಕಡೆ ಹೋದರು. ತಿರುಗಿ ಬರಲಿಲ್ಲ. ದಾರಿಯಲ್ಲಿ ಹುಡುಗಿ, “ಏನ್ ಬರೀಲಿ ಮಿಸ್? ಅಜ್ಜ ಒಪ್ಪಲ್ಲ, ತರೀಕೆರೆ ಹೋಯ್ತು” ಎಂದಳು. ಕೇಳಿದ್ದನ್ನೇ ಬರಿ, ಊರಿಗೆ ಕಳಿಸಬೇಡ, ಮೊದಲು ಅವರಿಗೆ ತೋರಿಸೋಣ ಎಂದೆ ಅಷ್ಟೆ. ರೈಲಿನಲ್ಲಿ ಕೂತಾಗ ನನಗೆ ನಿಜಕ್ಕೂ ಸಂಕಟವಾಗಿತ್ತು. ಆ ಮಗು ಸುಳ್ಳು ಬರೆದರೆ ತರೀಕೆರೆಗೆ ಹೋಗುತ್ತಿತ್ತು, ನಿಜ ಬರೆದು ಇಲ್ಲೇ ಉಳಿಯುತ್ತಲ್ಲ ಎನಿಸುತ್ತಿತ್ತು.

ಮಾರನೆಯ ದಿನ ಯಜಮಾನರು ತಾವಾಗಿಯೇ ಬಂದರು. ಕಂಪ್ಯೂಟರ್ ಕೋಣೆಗೆ ಚಪ್ಪಲಿ ಬಿಟ್ಟು ಒಳಗೆ ಬಂದು ಹುಡುಗಿಯ ಪಕ್ಕ ನಿಂತು, ಬರೆದದ್ದನ್ನು ಓದು ಎಂದರು. ಅವಳು ಓದಿದಳು. ಈ ಮನೆಯವರು ಯಾರೂ ಅಮಲ್ದಾರರಾಗಿರಲಿಲ್ಲ, ಅಮಲ್ದಾರರು ಬಂದಾಗ ಇಲ್ಲಿ ಇಳಿದುಕೊಳ್ಳುತ್ತಿದ್ದರು, ಅವರಿಗೆ ಅಡುಗೆ ಮಾಡಿದವರು ಈ ಮನೆಯ ಹೆಂಗಸರು. ಕುದುರೆಯ ಹುಲ್ಲಿನ ಮಾತು ಬಿಟ್ಟಿದ್ದಳು, ಜಾಣೆ.

ಯಜಮಾನರು ಪರದೆಯ ಕಡೆ ಬಗ್ಗಿದರು.

“ಇರ್ಲಿ. ತರೀಕೆರೆಗೂ ಹಂಗೇ ಹೋಗ್ಲಿ. ಆಧಾರ ಅಂತ ಏನ್ ಹಾಕಿದೀಯ?”

“ಮನೆಯ ಹಿರಿಯರು ಅಂತ ಹಾಕಿದೀನಜ್ಜ.”

“ಹಿರಿಯರು ಅಂದ್ರೆ ನಾನ್ ಅನ್ಕತಾರೆ. ಚಿಕ್ಕಮ್ಮನ ಹೆಸ್ರು ಹಾಕು. ರಾತ್ರಿ ಎಲ್ಲ ಹುಡುಕ್ದೆ. ಪಾಣೀಲಿಲ್ಲ, ಖಾತೇಲಿಲ್ಲ, ಒಂದ್ ಮದ್ವೆ ಕಾರ್ಡಲ್ಲೂ ಇಲ್ಲ. ಆಯಮ್ಮನ ಹೆಸ್ರಿರೋದು ಆಧಾರ್ ಕಾರ್ಡಲ್ಲೊಂದೇ ಕಣ್ರೀ ಮೇಡಂ.”

ಹುಡುಗಿ ಹೆಸರು ಕೇಳಿಕೊಂಡು ಟೈಪ್ ಮಾಡಿದಳು. ಯಜಮಾನರು ಕನ್ನಡಕ ಹಾಕಿಕೊಂಡರು, ಜೇಬಿನಿಂದ ಚಿಕ್ಕಮ್ಮನ ಕಾರ್ಡು ತೆಗೆದು ಪರದೆಯ ಪಕ್ಕ ಹಿಡಿದರು, ಒಂದೊಂದೇ ಅಕ್ಷರ ತಾಳೆ ನೋಡಿದರು.

“ದೀರ್ಘ ಬಿಟ್ಟಿದೀಯ ಕಣವ್ವ” ಎಂದರು. “ಸರ್ಯಾಗಿ ಬರಿ.”