ಮೂರು ಮನೆಯ ಆಲ್ಬಮ್ಮಿನಲ್ಲಿ ಒಬ್ಬಳೇ ಹೆಂಗಸು

"ಆಂಟಿ, ಈ ಹೆಂಗಸು ಮೂರು ಮನೇಲಿ ಇದಾರೆ," ಎಂದು ಅವಳು ನನಗೆ ಹೇಳಿದ್ದು ಒಂದು ಮಧ್ಯಾಹ್ನ, ಊಟದ ಡಬ್ಬಿ ತೊಳೆದಿಟ್ಟು ಬಂದು ಕೂತ ಹೊತ್ತಿನಲ್ಲಿ. ಹೇಳಿದವಳು ನಮ್ಮಲ್ಲಿ ಹಳೆಯ ಫೋಟೋ ಸ್ಕ್ಯಾನ್ ಮಾಡುವ ಇಪ್ಪತ್ತೇಳು ವರ್ಷದ ಹುಡುಗಿ. ಆಟಿಸಂ ಇದೆ. ಯಾರ ಮುಖವನ್ನೂ ನೋಡಿ ಮಾತಾಡುವವಳಲ್ಲ. ನನ್ನನ್ನು ಗುರುತಿಸುವುದೂ ನನ್ನ ಚಪ್ಪಲಿಯ ಸದ್ದಿನಿಂದಲೇ ಎಂದು ನನಗೆ ಬಹಳ ದಿನದಿಂದ ಗುಮಾನಿ. ಅಂಥವಳು ಸ್ಕ್ರೀನಿನ ಮೇಲೆ ಒಬ್ಬ ಹೆಂಗಸಿನ ಕಡೆ ಬೆರಳು ಮಾಡಿದಾಗ ನಗು ಬಂತು. ಬೆಂಗಳೂರಲ್ಲಿ ನೆಂಟರಿಗೇನು ಬರವೇ, ಯಾರೋ ಅತ್ತೆಯೋ ಚಿಕ್ಕಮ್ಮನೋ ಇರಬೇಕು ಅಂದೆ.

ನಮ್ಮದು ಬಸವೇಶ್ವರನಗರದ ಒಂದು ಮನೆಯ ಮಹಡಿ ಮೇಲಿನ ಸಣ್ಣ ಸಂಸ್ಥೆ. ಜನ ತಮ್ಮ ಮನೆಯ ಮದುವೆ ಆಲ್ಬಂಗಳನ್ನು ತಂದುಕೊಡುತ್ತಾರೆ. ನಾವು ಒಂದೊಂದೇ ಫೋಟೋ ಸ್ಕ್ಯಾನ್ ಮಾಡಿ, ಕಲೆ ತೆಗೆದು, ಮನೆಗೊಂದು ಫೋಲ್ಡರ್ ಮಾಡಿ ಕೊಡುತ್ತೇವೆ. ಕೆಲಸ ಮಾಡುವ ಎಂಟು ಮಂದಿಯೂ ಅವಳ ಹಾಗೇ, ಬೇರೆ ಕಡೆ ಇಂಟರ್‌ವ್ಯೂನಲ್ಲೇ ವಾಪಸ್ ಬಂದವರು, ಇಲ್ಲವೇ ನಾಲ್ಕೇ ತಿಂಗಳಿಗೆ ಕೆಲಸ ಕಳೆದುಕೊಂಡವರು. ಇದನ್ನು ಕಟ್ಟಿದ ಮೇಡಂ ಅವರ ಮಗನಿಗೂ ಆಟಿಸಂ. ನಾನು ಶಾಲೆಯೊಂದರಲ್ಲಿ ಗುಮಾಸ್ತೆಯಾಗಿದ್ದವಳು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತರೆ ಸೊಸೆಯ ಜತೆ ಜಗಳ ಗ್ಯಾರಂಟಿ ಎಂದು ಇಲ್ಲಿ ಮೇಲ್ವಿಚಾರಣೆಗೆ ಸೇರಿಕೊಂಡೆ.

ಆ ಕೋಣೆಯಲ್ಲಿ ಟ್ಯೂಬ್‌ಲೈಟ್ ಹಾಕುವುದಿಲ್ಲ, ಅದರ ಗುಂಯ್ ಸದ್ದು ಕೆಲವರಿಗೆ ಆಗುವುದಿಲ್ಲ. ಯಾರನ್ನೂ ಹಿಂದಿನಿಂದ ಕರೆಯುವಂತಿಲ್ಲ. ಪರದೆ ಎಳೆದ ನಸುಗತ್ತಲಲ್ಲಿ ಎಂಟು ಸ್ಕ್ರೀನು, ಎಂಟು ಮದುವೆ. ವಾಲಗವಿಲ್ಲ, ಮಾತಿಲ್ಲ, ನಗುತ್ತಾ ನಿಂತವರಲ್ಲಿ ಅರ್ಧ ಜನ ಈಗ ಇಲ್ಲ. ಮೊದಲ ವಾರವೆಲ್ಲ ನಾನು ಆ ಕಡೆ ಬೆನ್ನು ಮಾಡಿಯೇ ಕೂತಿದ್ದೆ.

ಆ ಹುಡುಗಿ ಮೂರು ಫೋಟೋ ಪಕ್ಕಪಕ್ಕ ತೆರೆದಳು. ಒಂದು ರಾಜಾಜಿನಗರದ ಬಟ್ಟೆ ವ್ಯಾಪಾರಿಗಳದು, ಮೂಲ ದಾವಣಗೆರೆ ಕಡೆಯವರು. ಇನ್ನೊಂದು ಸುಂಕದಕಟ್ಟೆಯ ಗೌಡರ ಮನೆಯದು. ಮೂರನೆಯದು ವಿಜಯನಗರದ ನಿವೃತ್ತ ಅಧಿಕಾರಿಯೊಬ್ಬರದು. ಎತ್ತಣಿಂದೆತ್ತ ಸಂಬಂಧ? ಮೂರೂ ಊಟದ ಪಂಕ್ತಿಯ ಚಿತ್ರ, ಬಣ್ಣವೆಲ್ಲ ಕೆಂಪಿಗೆ ತಿರುಗಿದೆ. ಮೂರರಲ್ಲೂ ಹಿಂದೆ, ಬಾಗಿಲ ಬಳಿ, ಒಬ್ಬ ತೆಳ್ಳನೆಯ ಹೆಂಗಸು. ಉಳಿದವರೆಲ್ಲ ಎಲೆ ನೋಡುತ್ತಿದ್ದರೆ ಇವಳೊಬ್ಬಳು ನೇರ ನಮ್ಮನ್ನೇ ನೋಡುತ್ತಿದ್ದಾಳೆ. ಮುಖ ಬೇಡ ಆಂಟಿ, ಸೆರಗು ನೋಡಿ ಅಂದಳು. ಸೆರಗಿನ ಅಂಚಿನಲ್ಲಿ ಒಂದು ಚೌಕದ ತೇಪೆ. ಎಡಗೈ ಸೆರಗಿನೊಳಗೆ. ಅವಳು ಚಿತ್ರವನ್ನು ದೊಡ್ಡದು ಮಾಡುತ್ತಾ ಹೋದಳು. ನನ್ನ ಕೈಯಲ್ಲಿದ್ದ ಲೋಟ ಅಲುಗಿ ಮೇಜಿನ ಮೇಲೆಲ್ಲ ನೀರು ಚೆಲ್ಲಿತು.

ಅದು ನನ್ನ ಅಮ್ಮ. ಸತ್ತು ಇಪ್ಪತ್ತು ವರ್ಷದ ಮೇಲಾಗಿದೆ.

ಯಾರಿದು ಎಂದು ಅವಳು ಕೇಳಿದಳು. ಗೊತ್ತಿಲ್ಲ ಕಣಮ್ಮ ಅಂದುಬಿಟ್ಟೆ.

ಅಪ್ಪ ಬಿನ್ನಿಪೇಟೆಯಲ್ಲಿ ಗಿರಣಿ ಕೆಲಸದಲ್ಲಿದ್ದ. ಆ ಕೆಲಸ ಹೋದ ಮೇಲೆ ಎರಡು ವರ್ಷ ನಮ್ಮ ಮನೆಯಲ್ಲಿ ಒಲೆ ಹೊತ್ತಿದರೆ ಹಬ್ಬ. ಮದುವೆ ತಿಂಗಳು ಬಂತೆಂದರೆ ಅಮ್ಮ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ನನಗೆ ಎರಡು ಜಡೆ ಹಾಕಿ, ರಾಜಾಜಿನಗರದ ಕಡೆ ನಡೆಸಿಕೊಂಡು ಹೋಗುತ್ತಿದ್ದಳು. ವಾಲಗ ಕೇಳಿಸಿದ ಛತ್ರವೇ ನಮ್ಮದು. ಹೆಣ್ಣಿನ ಕಡೆಯವರು ಕೇಳಿದರೆ ಗಂಡಿನ ಕಡೆ, ಗಂಡಿನ ಕಡೆಯವರು ಕೇಳಿದರೆ ಹೆಣ್ಣಿನ ಕಡೆ ಅನ್ನಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ. ಸೆರಗಿನೊಳಗೆ ಅಪ್ಪನಿಗೂ ತಮ್ಮನಿಗೂ ಅಂತ ಒಂದು ಡಬ್ಬಿ. ಇದನ್ನು ನಾನು ಕಟ್ಟಿಕೊಂಡ ಗಂಡನಿಗೂ ಹೇಳಿಲ್ಲ. ಕರೆಯದೆ ಹೋಗಿ ಉಂಡವರು ಅನ್ನಿಸಿಕೊಳ್ಳುವುದಕ್ಕಿಂತ ಸಾಯುವುದು ಮೇಲು ಎಂದುಕೊಂಡೇ ಬೆಳೆದೆ, ಆ ಸಿಟ್ಟನ್ನು ಅಮ್ಮ ಕಣ್ಣು ಮುಚ್ಚುವವರೆಗೂ ಅವಳ ಮೇಲೆ ತೀರಿಸಿಕೊಂಡೆ.

ನನ್ನ 'ಗೊತ್ತಿಲ್ಲ' ಆ ಹುಡುಗಿಗೆ ಉತ್ತರವೇ ಅಲ್ಲ. ಒಬ್ಬ ಹೆಂಗಸು ಮೂರು ಮನೆಯಲ್ಲಿ ಇರಲಾರಳು. ಹಾಗಾದರೆ ಮೂರು ಮನೆಯ ಫೋಟೋಗಳೂ ಎಲ್ಲೋ ಕಲಸಿಹೋಗಿವೆ. ಹಾಗಾದರೆ ಮುಗಿದ ಕೆಲಸವೆಲ್ಲ ತಪ್ಪು. ಅವಳು ಮುಗಿದ ಆಲ್ಬಂಗಳ ಮೇಲೆಲ್ಲ ಕೆಂಪು ಚೀಟಿ ಅಂಟಿಸಿ, ಮೊದಲನೆಯದರಿಂದ ಮತ್ತೆ ಶುರುಮಾಡಿದಳು. ಮೇಡಂ ಗಾಬರಿಯಾಗಿ ಮೂರೂ ಮನೆಯವರಿಗೆ ಫೋಟೋ ಕಳಿಸಿ ವಿಚಾರಿಸಿದರು. ಇವಳ್ಯಾರೋ ನಮಗೆ ಗೊತ್ತೇ ಇಲ್ಲ ಎಂದು ಮೂವರೂ ಅಂದರು. ಗೌಡರ ಮನೆಯ ಅಜ್ಜಿಯಂತೂ, ಯಾರ ಮನೆಗೂ ಸೇರದವಳ ಪಟ ಮನೆಯಲ್ಲಿ ಇಟ್ಟುಕೊಳ್ಳಬಾರದು, ಒಳ್ಳೆಯದಲ್ಲ ಅಂದರಂತೆ. ವಿಜಯನಗರದವರು ಬಂದು ಆಲ್ಬಂ ವಾಪಸ್ ಒಯ್ದರು. ಇಂಥವರ ಕೈಗೆ ಕೊಟ್ಟಿದ್ದೇ ನಮ್ಮ ತಪ್ಪು ಎಂದು ಅವಳಿಗೆ ಕೇಳಿಸುವ ಹಾಗೇ ಅಂದರು.

ಅವಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮೇಡಂ ಕೆಟ್ಟವರಲ್ಲ, ಆದರೆ ಸಂಸ್ಥೆ ನಡೆಯಬೇಕಲ್ಲ. ಎಲ್ಲ ಪರೀಕ್ಷೆ ಮಾಡುವ ತನಕ ಮನೆಯಲ್ಲಿರು, ಆಮೇಲೆ ನೋಡೋಣ ಅಂದರು. ಅವಳಿಗೆ ಇದು ನಾಲ್ಕನೇ ಕೆಲಸ. ಹಿಂದಿನ ಮೂರು ಕಡೆಯೂ ಆಮೇಲೆ ನೋಡೋಣ ಅಂದವರು ಆಮೇಲೆ ನೋಡಿರಲಿಲ್ಲ. ಅವಳು ಬ್ಯಾಗು ತೆಗೆದುಕೊಂಡು ಮೆಟ್ಟಿಲಿಳಿಯುವಾಗ ನಾನು ಅಲ್ಲೇ ಇದ್ದೆ. ಊರಿಗೆಲ್ಲ ಬುದ್ಧಿ ಹೇಳುವ ನನ್ನ ಬಾಯಿಗೆ ಅವತ್ತು ಬೀಗ ಬಿದ್ದಿತ್ತು.

ಪರೀಕ್ಷೆ ಮಾಡುವ ಕೆಲಸ ನನ್ನ ತಲೆಗೇ ಬಂತು. ಮೇಡಂ ಹೇಳಿದ್ದು ಮೂರು ಆಲ್ಬಂ, ನಾನು ಎಲ್ಲವನ್ನೂ ತೆರೆದೆ. ಸರಿಯಾಗಿದೆ ಎಂದು ನಾನೇ ಸಹಿ ಹಾಕಿ ಕಳಿಸಿದ್ದವುಗಳಲ್ಲೂ ಅಮ್ಮ ಇದ್ದಳು. ಕಂಬದ ಹಿಂದೆ ಇದ್ದಳು, ಕೈ ತೊಳೆಯುವ ಜಾಗದಲ್ಲಿ ಇದ್ದಳು. ಒಂದರಲ್ಲಿ ಮುಖ ಅಂಚಿಗೆ ಕತ್ತರಿಸಿಹೋಗಿ ತೇಪೆಯ ಸೆರಗು ಮಾತ್ರ ಇತ್ತು. ಫ್ಲ್ಯಾಶಿಗೆ ಬೆದರಿದ ಅದೇ ಕಣ್ಣು, ಅದೇ ವಯಸ್ಸು, ನನ್ನ ಸೊಸೆಗಿಂತ ಚಿಕ್ಕವಳು. ನಾನು ಅವಳನ್ನು ಹುಡುಕುತ್ತಿಲ್ಲ, ಅವಳೇ ಒಂದೊಂದು ಮನೆ ದಾಟಿಕೊಂಡು ನನ್ನ ಕಡೆ ಬರುತ್ತಿದ್ದಾಳೆ ಅನ್ನಿಸತೊಡಗಿತು, ಅದೂ ಮಟಮಟ ಮಧ್ಯಾಹ್ನ. ಯಾರೂ ಹಿಂದಿನಿಂದ ಕರೆಯದ ಆ ಕೋಣೆಯಲ್ಲಿ ನಾನು ತಿರುತಿರುಗಿ ನೋಡುತ್ತಿದ್ದೆ. ಮನೆಯಲ್ಲಿ ತಟ್ಟೆ ಮುಂದೆ ಕೂತರೂ ಬಾಗಿಲಲ್ಲಿ ಯಾರೋ ನಿಂತ ಹಾಗಾಗಿ ಎದ್ದು ನೋಡಿ ಬರುತ್ತಿದ್ದೆ.

ಹೀಗೆ ಹದಿನೈದು ದಿನ ಕಳೆಯಿತು. ಆ ಹುಡುಗಿಯ ಜಾಗಕ್ಕೆ ಬೇರೆಯವರನ್ನು ಕರೆದಿದ್ದಾರೆಂದು ತಿಳಿದ ದಿನ, ಟೀ ಹೊತ್ತಿನಲ್ಲಿ, ಎಲ್ಲರೆದುರೇ ಹೇಳಿಬಿಟ್ಟೆ.

"ಏನೂ ಕಲಸಿಲ್ಲ ಮೇಡಂ. ಅದು ನಮ್ಮಮ್ಮ. ಯಾರೂ ಕರೀದೇ ಇದ್ರೂ ನಾವು ಮದುವೆಗಳಿಗೆ ಹೋಗಿ ಊಟ ಮಾಡ್ತಿದ್ವಿ."

ಮೇಡಂ ಲೋಟ ಕೆಳಗಿಟ್ಟರು. ಉಳಿದ ಏಳು ಮಂದಿಯಲ್ಲಿ ಒಬ್ಬರೂ ಮುಖ ಸಿಂಡರಿಸಲಿಲ್ಲ. ಒಬ್ಬ ಮಾತ್ರ, ಸಿಹಿ ಏನು ಮಾಡ್ತಿದ್ರು ಎಂದು ಕೇಳಿದ. ಇಷ್ಟು ವರ್ಷ ಹೆದರಿ ಸತ್ತದ್ದು ಇದಕ್ಕೇನಾ ಎಂದು ನನ್ನ ಮೇಲೆ ನನಗೇ ಕೋಪ ಬಂತು.

ಟೀ ಮುಗಿದ ಕೂಡಲೇ ಆಟೋ ಹಿಡಿದು ಅತ್ತಿಗುಪ್ಪೆಗೆ, ಆ ಹುಡುಗಿಯ ಮನೆಗೆ ಹೋದೆ. ಬಾಗಿಲು ತೆರೆದ ಅವಳ ತಾಯಿ ನನ್ನನ್ನು ಬನ್ನಿ ಅನ್ನಲಿಲ್ಲ. ಕೆಲಸವಿಲ್ಲದೆ ಮನೆಯಲ್ಲಿದ್ದರೂ ಹುಡುಗಿಯ ಕುತ್ತಿಗೆಯಲ್ಲಿ ಸಂಸ್ಥೆಯ ಐಡಿ ಕಾರ್ಡು ನೇತಾಡುತ್ತಿತ್ತು. ಬೆಳಿಗ್ಗೆ ಎದ್ದು ಹಾಕಿಕೊಂಡರೆ, ಆಫೀಸು ಬಿಡುವ ಐದೂವರೆಗೇ ತೆಗೆಯುವುದಂತೆ. ಹೇಳಬೇಕಾದ್ದನ್ನು ಹೇಳಿದೆ.

"ನಿಮ್ಗೆ ಅವತ್ತೇ ಗೊತ್ತಿತ್ತು," ಅಂದಳು, ನನ್ನ ಚಪ್ಪಲಿ ನೋಡುತ್ತಾ. "ನೀರು ಚೆಲ್ಲಿದ್ರಿ."

"ಗೊತ್ತಿತ್ತು. ನಾಚಿಕೆ ಆಯ್ತು ಕಣಮ್ಮ."

ಅವಳು ಐಡಿ ಕಾರ್ಡನ್ನು ನೆಟ್ಟಗೆ ಮಾಡಿಕೊಂಡಳು. "ನಿಮ್ಗೆ ನಾಚಿಕೆ ಆಯ್ತು. ನಂಗೆ ಕೆಲಸ ಹೋಯ್ತು."

ಬೈಯುವ ದನಿಯಲ್ಲ ಅದು. ಎರಡು ಫೋಟೋ ಪಕ್ಕಪಕ್ಕ ಇಟ್ಟು ತೋರಿಸಿದಂತೆ, ಅಷ್ಟೆ. ಕೈ ಹಿಡಿದುಕೊಂಡು ಕ್ಷಮೆ ಕೇಳಬೇಕು ಅನ್ನಿಸಿತು; ಮುಟ್ಟಿದರೆ ಅವಳಿಗೆ ಆಗುವುದಿಲ್ಲ. ಬಾಯಲ್ಲೇ ಕೇಳಿ ಬಂದೆ.

ಸೋಮವಾರ ಅವಳು ಬಂದಳು. ಮೇಡಂ ತಪ್ಪಾಯಿತೆಂದು ಹೇಳಿ ಕೆಲಸ ಕಾಯಂ ಮಾಡಿದ ಕಾಗದ ಕೊಟ್ಟರು. ವಿಜಯನಗರದವರು ಮಾತ್ರ ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಅವಳು ಕೆಂಪು ಚೀಟಿಗಳನ್ನೆಲ್ಲ ಕಿತ್ತು, ಏನೂ ಆಗದವಳಂತೆ ಕೂತಳು. ಅಲ್ಲಿಂದ ಮುಂದೆ, ಕೆಲಸದ ನಡುವೆ, ಏರಿಳಿತವಿಲ್ಲದ ದನಿಯಲ್ಲಿ, ಆಂಟಿ, ನಿಮ್ಮಮ್ಮ ಬಂದ್ರು ಅನ್ನತೊಡಗಿದಳು. ಎದ್ದು ಹೋಗಿ ನೋಡುತ್ತಿದ್ದೆ. ಬಂದೇ ಇರುತ್ತಿದ್ದಳು.

ಹೋದ ವಾರ ಆ ಹುಡುಗಿಯೇ ನನ್ನ ಮೇಜಿನ ಹತ್ತಿರ ಬಂದಳು.

"ಹತ್ತೊಂಬತ್ತು ಫೋಟೋ ಆಯ್ತು ಆಂಟಿ. ಎರಡು ಜಡೆ ಮಗು ಹನ್ನೊಂದರಲ್ಲಿ ಊಟ ಮಾಡ್ತಾ ಇದೆ. ನಿಮ್ಮಮ್ಮ ಒಂದ್ರಲ್ಲೂ ಕೂತಿಲ್ಲ."

ನನಗಿಂತ ಮೊದಲಿನ ಪಂಕ್ತಿಯಲ್ಲೇ ಅಮ್ಮನ ಊಟ ಆಗಿರುತ್ತಿತ್ತು ಅಂದೆ. ಎಲೆ ಮುಂದೆ ನನ್ನನ್ನು ಕೂರಿಸಿ, ನಂದಾಗ್ಲೇ ಆಯ್ತು, ನೀನು ತಿನ್ನು ಎಂದು ಪ್ರತಿ ಸಲವೂ ಹೇಳುತ್ತಿದ್ದಳಲ್ಲ.

"ಮೊದಲ್ನೇ ಪಂಕ್ತಿ ಫೋಟೋನೂ ಇದೆ, ಕೊನೇದೂ ಇದೆ," ಅಂದಳು. "ನಿಂತೇ ಇದಾರೆ."

ಎಲೆ ಮುಂದೆ ಕೂತ ದೊಡ್ಡವರನ್ನು ಯಾರ ಕಡೆಯವರು ಎಂದು ಕೇಳುತ್ತಾರೆ, ಮಗುವನ್ನು ಯಾರು ಕೇಳುತ್ತಾರೆ? ಅಷ್ಟು ಸಣ್ಣ ಲೆಕ್ಕ ನನಗೆ ಈ ವಯಸ್ಸಿನವರೆಗೂ ಹೊಳೆದಿರಲಿಲ್ಲ. ಅಮ್ಮನನ್ನು ಹೊಟ್ಟೆಬಾಕಿ ಎಂದು ಮನಸ್ಸಿನಲ್ಲೇ ಎಷ್ಟು ಸಲ ಬೈದುಕೊಂಡಿದ್ದೆ, ಪಾಪಿ ನಾನು. ಬೀದಿಯ ವಾಚ್‌ಮನ್ನನ್ನೂ, ಗ್ಯಾಸ್ ತರುವವನನ್ನೂ ಊಟ ಆಯ್ತಾ ಎಂದು ಕೇಳದೆ ಕಳಿಸುವವಳಲ್ಲ ನಾನು. ಅಮ್ಮನನ್ನು ಒಂದು ಸಲವಾದರೂ ಕೇಳಿದ ನೆನಪಿಲ್ಲ.