ಮಿತಿಯನ್ನು ಕೇಳದೆ ಹೋದ ವರ್ಷ

ಅಕ್ಷರಾಭ್ಯಾಸ ಮಾಡಿಸಿದ ತಂದೆಯವರಿಗೂ, ಮಂತ್ರಾಲಯದ ಪಾಠಶಾಲೆಯಲ್ಲಿ ಅನ್ನವಿಟ್ಟು ವ್ಯಾಕರಣ ಹೇಳಿದ ಗುರುಗಳಿಗೂ, ಐವತ್ತು ದಾಟಿದ ನನ್ನಂಥವನಿಗೆ ಬೇಸರವಿಲ್ಲದೆ ಕಂಪ್ಯೂಟರಿನ ಸಿ ಭಾಷೆಯನ್ನು ಕಲಿಸಿದ ಹೈದರಾಬಾದಿನ ಎಂಜಿನಿಯರರಿಗೂ ಮೊದಲು ನನ್ನ ನಮಸ್ಕಾರ. ಅವರಿಂದ ಪಡೆದದ್ದೆಲ್ಲ ಒಳ್ಳೆಯದೇ. ಮುಂದೆ ಹೇಳಲಿರುವ ತಪ್ಪು ಮಾತ್ರ ನನ್ನ ಸ್ವಂತದ್ದು.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಆದವಾನಿಯ ಒಂದು ಧರ್ಮಸಂಸ್ಥೆಯಲ್ಲಿ ನಾನು ಹೆಸರುಗಳ ಪಟ್ಟಿಯನ್ನು ನೋಡಿಕೊಳ್ಳುತ್ತಿದ್ದೆ. ತೀರಿಹೋದವರ ಹೆಸರನ್ನು ಮನೆಯವರು ನಮ್ಮಲ್ಲಿ ಬರೆಸುತ್ತಿದ್ದರು. ವರ್ಷಕ್ಕೊಮ್ಮೆ, ಅವರವರ ತಿಥಿಯಂದು, ಮಂತ್ರಾಲಯದ ಹೊಳೆಯ ದಡದಲ್ಲಿ ನಮ್ಮ ಪುರೋಹಿತರು ಆ ಹೆಸರು ಹೇಳಿ ಎಳ್ಳುನೀರು ಬಿಡುತ್ತಿದ್ದರು. ಹದಿನೈದು ದಿನ ಮುಂಚೆ ಮನೆಯವರಿಗೆ ಒಂದು ಕಾರ್ಡು ಹೋಗುತ್ತಿತ್ತು. ಪಟ್ಟಿಯ ಕ್ರಮ ಹಿರಿಯರ ಕಾಲದ್ದು: ಚೈತ್ರ ಶುದ್ಧ ಪಾಡ್ಯದಿಂದ ಫಾಲ್ಗುಣದ ಅಮಾವಾಸ್ಯೆಯವರೆಗೆ ತಿಥಿ ತಿಳಿದವರು, ಎಲ್ಲರಿಗಿಂತ ಕೊನೆಯಲ್ಲಿ ತಿಥಿ ತಿಳಿಯದವರು. ಇವರು ಮನೆಬಿಟ್ಟು ಹೋಗಿ ಮರಳದೆ, ಹನ್ನೆರಡು ವರ್ಷ ಕಾದ ಮೇಲೆ ಮೃತರೆಂದು ಮನೆಯವರು ಮನಸ್ಸು ಗಟ್ಟಿಮಾಡಿ ಬರೆಸಿದ ಹೆಸರುಗಳು. ಅವರಿಗೆಲ್ಲ ಒಟ್ಟಿಗೆ ಮಹಾಲಯ ಅಮಾವಾಸ್ಯೆಯಂದು ನೀರು.

ಸಂಸ್ಥೆಗೆ ಯುನಿಕ್ಸ್ ನಡೆಯುವ ಕಂಪ್ಯೂಟರ್ ಬಂದಾಗ, ಹಳೆಯ ಪುಸ್ತಕಗಳ ಹೆಸರುಗಳನ್ನೆಲ್ಲ ಅದರೊಳಗೆ ಇಳಿಸಿದೆವು. ವರ್ಷಕ್ಕೊಮ್ಮೆ ಹೊಸ ಹೆಸರುಗಳನ್ನು ಸೇರಿಸಿ, ತಿಥಿಯ ಕ್ರಮಕ್ಕೆ ಹೊಂದಿಸಿ, ಇಡೀ ಪಟ್ಟಿಯನ್ನು ಹೊಸದಾಗಿ ಬರೆಯುವ ಪ್ರೋಗ್ರಾಂ ನಾನೇ ರಚಿಸಿದ್ದು. ಆ ವರ್ಷ ಮಹಾಲಯದ ಓದು ಎಂದಿಗಿಂತ ಬೇಗ ಮುಗಿಯಿತೆಂದು ಪುರೋಹಿತರು ಹೇಳಿ ಕಳುಹಿಸಿದರು. ನಾನು ಸಂತೋಷಪಟ್ಟೆ.

ಮಹಾಲಯ ಕಳೆದು ಇಪ್ಪತ್ತು ದಿನವಾಗಿತ್ತು. ಗೋನೆಗಂಡ್ಲದ ಕಡೆಯಿಂದ ಬೆಳಗಿನ ಬಸ್ಸಿಗೆ ಒಬ್ಬ ಹೆಣ್ಣುಮಗಳು ಬಂದರು. ಕೂಲಿ ಮಾಡಿ ಗಟ್ಟಿಯಾದ ಕೈ, ನೆತ್ತಿಯ ಮೇಲೆ ಸೆರಗು. ಬಾಗಿಲಲ್ಲೇ ನಿಂತು, "ಸ್ವಾಮಿ, ಈ ಸಲ ಕಾರ್ಡು ಬರ್ಲಿಲ್ರಿ" ಎಂದರು.

"ಅಂಚೆಯಲ್ಲಿ ತಡವಾಗಿರಬಹುದು, ತಾಯಿ."

"ಟಪಾಲಿನಾಂವನ್ನ ಮೂರು ಸಲ ಕೇಳೀನ್ರಿ. ‘ಯವ್ವಾ, ನಾನೇನು ಕಾರ್ಡು ಹಡೀಲೇನು?’ ಅಂತ ಬೈದ." ತಾವೇ ನಕ್ಕರು. ಆಮೇಲೆ ಒಳಗೆ ಬಂದು ದನಿ ತಗ್ಗಿಸಿದರು. "ಹೆಸರು ತೆಗ್ದೀರೇನ್ರಿ? ಯಾರರ ನೋಡಿ ಬಂದು ಹೇಳ್ಯಾರೇನು, ಆತ ಅದಾನ ಅಂತ?"

ಕಾರ್ಡು ಬಾರದಿದ್ದುದನ್ನು ಆಕೆ ಗಂಡ ಬದುಕಿರುವ ಸುದ್ದಿಯೆಂದು ಓದಿಕೊಂಡಿದ್ದರು.

ಹೆಸರು ಕೇಳಿದೆ. ಗಂಡನ ಹೆಸರನ್ನು ಬಾಯಿಂದ ಹೇಳುವುದು ಆಕೆಗೆ ಸಲ್ಲದು. "ಊರ ಮುಂದಿನ ಬಾವಿ ಮನಿಯಾತ ಅಂತ ನೋಡ್ರಿ, ಪುಸ್ತಕದಾಗ ಐತಿ" ಎಂದರು. ಹಳೆಯ ಪುಸ್ತಕದಲ್ಲಿತ್ತು. ಪುರೋಹಿತರಿಂದ ಮರಳಿ ಬಂದ ಅಚ್ಚಿನ ಹಾಳೆಗಳನ್ನು ತೆಗೆದು ಕೊನೆಯ ಹಾಳೆಯನ್ನು ನೋಡಿದೆ. ಕೊನೆಯ ಸಾಲಿನಲ್ಲಿ ಆತನ ಹೆಸರು ಅರ್ಧಕ್ಕೆ ನಿಂತಿತ್ತು. ಮೊದಲ ಕೆಲವು ಅಕ್ಷರಗಳಿದ್ದವು. ಉಳಿದವೂ ಇಲ್ಲ, ಊರೂ ಇಲ್ಲ, ಕಾರ್ಡಿನ ವಿಳಾಸವೂ ಇಲ್ಲ. ಹಳೆಯ ಪುಸ್ತಕದಲ್ಲಿ ಆತನ ನಂತರ ಇದ್ದವರಲ್ಲಿ ಒಬ್ಬರೂ ಹಾಳೆಗೆ ಬಂದಿರಲಿಲ್ಲ.

ಆಕೆಯನ್ನು ಬೆಂಚಿನ ಮೇಲೆ ಕೂರಿಸಿ ಹೈದರಾಬಾದಿಗೆ ಟ್ರಂಕ್ ಕಾಲ್ ಹಾಕಿದೆ. ಎಂಜಿನಿಯರರು ಕಂಪ್ಯೂಟರಿನಲ್ಲಿದ್ದ ಪಟ್ಟಿಯ ಕಡತದ ಅಳತೆ ಕೇಳಿದರು. ಓದಿ ಹೇಳಿದೆ: ಹತ್ತು ಲಕ್ಷದ ನಲವತ್ತೆಂಟು ಸಾವಿರದ ಐನೂರ ಎಪ್ಪತ್ತಾರು ಅಕ್ಷರ. ಅವರು, "ಪಂತುಲುಗಾರು, ಅಡಗನಿದೇ ಅಮ್ಮಯಿನಾ ಅನ್ನಂ ಪೆಟ್ಟದು. ಮೀರು ಆ ಸಿಸ್ಟಂನಿ ಎಪ್ಪುಡೈನಾ ಅಡಿಗಾರಾ?" ಎಂದರು. ಕೇಳದಿದ್ದರೆ ಹೆತ್ತ ತಾಯಿಯೂ ಅನ್ನವಿಕ್ಕಳು. ನಿನ್ನ ಮಿತಿ ಎಷ್ಟೆಂದು ಆ ಸಿಸ್ಟಮನ್ನು ಎಂದಾದರೂ ಕೇಳಿದ್ದೀರಾ ಎಂಬುದು ಅವರ ಮಾತಿನ ಅರ್ಥ.

ಕೇಳಿರಲಿಲ್ಲ. ಪಾಠಶಾಲೆಯಲ್ಲಿ ಶಿಷ್ಯ ಮೌನವಾಗಿದ್ದರೆ ಪಾಠ ತಲೆಗೆ ಹತ್ತಿತೆಂದು ತಿಳಿಯುತ್ತಿದ್ದೆವು. ಯಂತ್ರದ ಮೌನವನ್ನೂ ನಾನು ಹಾಗೆಯೇ ತಿಳಿದಿದ್ದೆ.

ಅವರು ಹೇಳಿದಂತೆ ಐದು ಸಾಲಿನ ಪ್ರೋಗ್ರಾಂ ಬರೆದೆ. ಸಿ ಭಾಷೆಯಿಂದ ಸಿಸ್ಟಮನ್ನೇ ನೇರವಾಗಿ ಕೇಳುವ ‘ಯುಲಿಮಿಟ್’ ಎಂಬ ಕರೆಯೊಂದಿದೆ. ಅದಕ್ಕೆ ಒಂದು ಎಂಬ ಅಂಕಿ ಕೊಟ್ಟರೆ, ಒಂದು ಕಡತ ಎಷ್ಟು ದೊಡ್ಡದಾಗಬಹುದೆಂಬ ಮಿತಿಯನ್ನು ತಿಳಿಸುತ್ತದೆ. ಎರಡು ಕೊಟ್ಟರೆ ಆ ಮಿತಿಯನ್ನು ಬದಲಿಸುತ್ತದೆ. ಒಂದು ಎಂದು ಕೊಟ್ಟು ಕೇಳಿದೆ. ಪರದೆಯ ಮೇಲೆ 2048 ಎಂದು ಮೂಡಿತು. ಅಷ್ಟು ತುಂಡುಗಳು, ತುಂಡಿಗೆ ಐನೂರ ಹನ್ನೆರಡು ಅಕ್ಷರ. ಕಾಗದದ ಮೇಲೆ ಗುಣಿಸಿದೆ. ಕಡತದ ಅಳತೆಗೆ ಒಂದಕ್ಷರವೂ ಹೆಚ್ಚುಕಡಿಮೆ ಇರಲಿಲ್ಲ. ಆ ವರ್ಷ ಸೇರಿದ ಹೊಸ ಹೆಸರುಗಳು ಕೊನೆಯವರನ್ನು ಅಂಚಿನಿಂದ ಆಚೆಗೆ ತಳ್ಳಿದ್ದವು. ಬರೆ ಎಂದಾಗಲೆಲ್ಲ ಎಷ್ಟು ಬರೆದೆನೆಂದು ಸಿಸ್ಟಂ ಉತ್ತರ ಕೊಡುತ್ತಲೇ ಇತ್ತು. ಆ ಉತ್ತರವನ್ನು ತಿರುಗಿ ನೋಡುವ ಸಾಲನ್ನು ನಾನು ಬರೆದಿರಲಿಲ್ಲ.

ಬೆಂಚಿನ ಬಳಿಗೆ ಹೋದೆ. ಹೇಗೆ ಹೇಳಬೇಕೆಂದು ತಿಳಿಯದೆ, ತುಂಬಿದ ಕೊಳಗಕ್ಕೆ ಇನ್ನಷ್ಟು ಜೋಳ ಸುರಿದರೆ ಹೇಗೆ ಚೆಲ್ಲುತ್ತದೋ ಹಾಗಾಯಿತು ಎಂದೆ. ಆಕೆ ಪೂರ್ತಿ ಕೇಳಿಸಿಕೊಂಡರು.

"ಹಂಗಾದ್ರ ಆತ ಬಂದಿಲ್ಲ."

"ಇಲ್ಲ ತಾಯಿ. ನಮಗೆ ಯಾವ ಸುದ್ದಿಯೂ ಇಲ್ಲ."

"ಅಮಾಸಿ ದಿನದಿಂದ ದಿನಾ ಎರಡು ರೊಟ್ಟಿ ಹೆಚ್ಚು ಬಡಿದೀನ್ರಿ. ಕದ ಹಾಕಿಲ್ಲ."

"ನನ್ನನ್ನು ಕ್ಷಮಿಸಬೇಕು. ಬರುವ ಅಮಾವಾಸ್ಯೆಗೆ, ಪಟ್ಟಿಯಲ್ಲಿ ಬಿಟ್ಟುಹೋದವರಿಗೆಲ್ಲ ನೀರು ಬಿಡಿಸುತ್ತೇನೆ. ಆದರೆ ನಿಮ್ಮ ಯಜಮಾನರ ಹೆಸರನ್ನು ನೀವು ಬರೆಯಿರಿ ಎಂದರೆ ಮಾತ್ರ ಸೇರಿಸುತ್ತೇನೆ. ಬೇಡವೆಂದರೆ ಬೇಡ."

ಶಾಸ್ತ್ರ ಬಲ್ಲ ನಾನು ಆಡಬಾರದ ಮಾತು ಅದು. ಮೃತನಿಗೆ ನೀರು ತಪ್ಪಿಸುವ ಅಧಿಕಾರ ನನಗೂ ಇಲ್ಲ, ಆಕೆಗೂ ಇಲ್ಲ. ಆದರೂ ಆಡಿದೆ.

"ಬರೀರಿ ಸ್ವಾಮಿ," ಎಂದರು ಆಕೆ ಕೊನೆಗೆ. "ಆ ರೊಟ್ಟಿ ತಿಂದು ಓಣಿ ನಾಯಿಗೆ ಮೈ ಬಂದೈತಿ. ಇನ್ನ ಸಾಕು."

ಮಿತಿಯನ್ನು ಏರಿಸುವ ಅಧಿಕಾರ ಸಿಸ್ಟಮಿನ ಯಜಮಾನ ಖಾತೆಗೆ ಮಾತ್ರ. ಅದರ ಗುಪ್ತಪದವಿದ್ದ ಲಕೋಟೆಯನ್ನು ಕಪಾಟಿನಿಂದ ತೆಗೆದು, ಎರಡು ಎಂಬ ಅಂಕಿ ಕೊಟ್ಟು ಮಿತಿ ಏರಿಸಿದೆ. ಹಳೆಯ ಪುಸ್ತಕ ನೋಡಿ ಬಿಟ್ಟುಹೋದ ಹೆಸರುಗಳನ್ನು ಸೇರಿಸಿದೆ. ಆತನ ಹೆಸರನ್ನು ಮುಗಿಸುವಾಗ ಆಕೆ ಪಕ್ಕದಲ್ಲೇ ನಿಂತಿದ್ದರು. ಓದು ಬಾರದು; ಪರದೆಯ ಬೆಳಕನ್ನಷ್ಟೇ ನೋಡುತ್ತಿದ್ದರು. ಕೀಲಿಮಣೆಯಲ್ಲಿ ಹೊಡೆದದ್ದನ್ನು ಗಟ್ಟಿಯಾಗಿ ಓದಿದೆ. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಒಬ್ಬ ಮನುಷ್ಯನನ್ನು ನನ್ನ ಬೆರಳುಗಳೇ ಕೊಂದವೇನೋ ಎಂದು ಆಗ ಅನ್ನಿಸಿತು. ಆ ಅನಿಸಿಕೆ ಇನ್ನೂ ಹೋಗಿಲ್ಲ.

ಅಮಾವಾಸ್ಯೆಯಂದು ನಾನೂ ಮಂತ್ರಾಲಯಕ್ಕೆ ಹೋದೆ. ಆಕೆಯೂ ಬಂದಿದ್ದರು. ಪುರೋಹಿತರು ಹೆಸರನ್ನು ಪೂರ್ತಿಯಾಗಿ ಹೇಳಿ ನೀರು ಬಿಟ್ಟರು. ಆ ಕ್ಷಣದಲ್ಲಿ ಆಕೆ ಹೊಳೆಯ ಕಡೆ ನೋಡಲಿಲ್ಲ. ಹಿಂದಕ್ಕೆ ತಿರುಗಿ, ಮೆಟ್ಟಿಲಿಳಿದು ಬರುತ್ತಿದ್ದ ಯಾತ್ರಿಕರ ಮುಖಗಳನ್ನು ಒಂದೊಂದಾಗಿ ನೋಡಿದರು.

ಅಂದಿನಿಂದ, ಪಟ್ಟಿಯನ್ನು ಬರೆಯುವ ಮೊದಲು ಸಿಸ್ಟಮನ್ನು ಕೇಳುವುದು ನನ್ನ ನಿಯಮವಾಯಿತು: ಕಡತ ಎಷ್ಟು ದೊಡ್ಡದಾಗಬಹುದು, ಒಮ್ಮೆಗೆ ಎಷ್ಟು ಕಡತ ತೆರೆಯಬಹುದು, ಎಷ್ಟು ಕೆಲಸ ಒಟ್ಟಿಗೆ ನಡೆಸಬಹುದು. ಕೇಳಲು ಕರೆಯಿದ್ದುದನ್ನು ಪ್ರೋಗ್ರಾಮಿನಿಂದ ಕೇಳಿದೆ. ಇಲ್ಲದ್ದನ್ನು ಎಂಜಿನಿಯರರಿಂದ ತಿಳಿದು ಬರೆದಿಟ್ಟೆ. ಸಿಸ್ಟಂ ಉತ್ತರಿಸಲಾರದ ಪ್ರಶ್ನೆ ಒಂದು ಉಳಿದಿದೆ. ಮಹಾಲಯದಂದು ಅರ್ಧ ಹೆಸರಿಗೆ ಬಿಟ್ಟ ನೀರು ಯಾರಿಗೆ ಮುಟ್ಟಿತು? ಪಂಡಿತರೊಬ್ಬರು ಸಂಕಲ್ಪ ಶುದ್ಧವಿದ್ದರೆ ಸಾಕು ಎಂದರು. ಇನ್ನೊಬ್ಬರು ಗ್ರಂಥ ತೆರೆದು ನೋಡಿ ಮತ್ತೆ ಕಟ್ಟಿಟ್ಟರು. ಈಗಲೂ ಯಾವುದಾದರೂ ಪಟ್ಟಿಯನ್ನು ಓದಿ ಮುಗಿಸಿದಾಗ, ಕೊನೆಯ ಹೆಸರಿನ ಆಚೆ ಯಾರೋ ನಿಂತು ತಮ್ಮ ಸರದಿಗಾಗಿ ಕಾಯುತ್ತಿರುವಂತೆ ತೋರುತ್ತದೆ. ನಾನು ಬೇಗ ಏಳಲಾರೆ.

ಆ ತಾಯಿಯ ಮನೆಯಲ್ಲಿ ಕಾಳು ತುಂಬಿರಲಿ. ದೂರದಿಂದ ದಾರಿ ತೋರಿದ ಎಂಜಿನಿಯರರಿಗೆ ಆಯುಷ್ಯವಿರಲಿ. ಹೊಳೆಯಲ್ಲಿ ನಿಂತು ಎರಡನೆಯ ಸಲ ಹೆಸರು ಹೇಳಿದ ಪುರೋಹಿತರ ಕಂಠ ಕುಗ್ಗದಿರಲಿ. ತೀರಿಹೋದವರಿಗೆ ಸದ್ಗತಿಯಾಗಲಿ. ತೀರಿಹೋದರೆಂದು ನಾವು ಬರೆದವರು ಎಲ್ಲಿಯಾದರೂ ಬದುಕಿದ್ದರೆ, ಅವರಿಗೆ ಹೊತ್ತಿಗೆ ಸರಿಯಾಗಿ ಅನ್ನ ಸಿಗಲಿ, ಶ್ರೀಹರಿ ಅವರ ಕೈ ಹಿಡಿಯಲಿ.